ಹೆಡ್‌ಫೋನಿನೊಳಗೆ ಕೇಳದ ಕೂಗು

ನಾವೆಲ್ಲ ತಾರಸಿ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ನಮ್ಮ ಮನೆಯವರು ಹೊಲದ ಆ ತುದಿಯಲ್ಲಿ, ಬೋರ್‌ವೆಲ್ ಶೆಡ್ಡಿಗೆ ಒರಗಿ, ನಮಗೆ ಬೆನ್ನು ಹಾಕಿ ಕೂತು, ಹಾಡಿಗೆ ತಕ್ಕಂತೆ ತಲೆ ಆಡಿಸುತ್ತಿದ್ದರು. ಶೆಡ್ಡಿನ ಪಕ್ಕದ ನೀಲಗಿರಿ ತೋಪಿನಿಂದ ಒಂಟಿ ಆನೆಯೊಂದು ಹೊರಬಂದು ರಾಗಿ ಹೊಲದಲ್ಲಿ ನಿಂತಿತ್ತು.

ಅವರಿಗೆ ಅದು ಕಾಣುವಂತಿರಲಿಲ್ಲ. ಶೆಡ್ಡಿನ ಗೋಡೆ ಅಡ್ಡ ಇತ್ತು. ಕೇಳುವಂತೆಯೂ ಇರಲಿಲ್ಲ. ಕಿವಿಯ ಮೇಲೆ ಹೊಸ ಹೆಡ್‌ಫೋನ್ ಇತ್ತು.

ಕೆಲವು ತಿಂಗಳ ಹಿಂದೆ ಒಂದು ವಾರ ಈ ಅಂಕಣ ಬರಲಿಲ್ಲ. "ಯಾಕೆ ಮೇಡಂ, ಹುಷಾರಿಲ್ವಾ?" ಅಂತ ಕೆಲವರು ಕೇಳಿದಿರಿ. ನಾನು ಹುಷಾರಾಗಿಯೇ ಇದ್ದೆ. ಬರೆಯಲು ಕೈ ಏಳಲಿಲ್ಲ, ಅಷ್ಟೆ. ಈಗ ಹೇಳುತ್ತೇನೆ.

ನಮ್ಮ ಮನೆಯವರ ಹೆಸರು ಮಂಜುನಾಥ. ಹೊಸೂರು ಪಕ್ಕದ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ತಗಡಿನ ಹಾಳೆಯನ್ನು ಒತ್ತಿ ಗಾಡಿಯ ಭಾಗ ಮಾಡುವ ದೊಡ್ಡ ದೊಡ್ಡ ಪ್ರೆಸ್ ಮೆಷಿನ್ನುಗಳ ನಡುವೆ ನಿಂತು, ಒತ್ತಿದ್ದು ಸರಿಯಿದೆಯಾ ಅಂತ ನೋಡುವುದು. ದಿನವಿಡೀ ಧಡ್, ಧಡ್, ಧಡ್. ಕಿವಿಗೆ ಇಯರ್‌ಪ್ಲಗ್ ಕೊಡುತ್ತಾರೆ. ಆದರೆ ಆ ಸದ್ದು ಕಿವಿಯಿಂದ ಮಾತ್ರ ಒಳಗೆ ಹೋಗುತ್ತದೆ ಅಂತ ಯಾರು ಹೇಳಿದರು? ಅಂಗಾಲಿನಿಂದ ಹತ್ತುತ್ತದಂತೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೂ ಇಳಿಯುವುದಿಲ್ಲವಂತೆ.

ಅವರಿಗೆ ಇರುವ ಒಂದೇ ಖಯಾಲಿ ಸಂಗೀತ. ಕೊಳಲು, ವೀಣೆ, ಹಳೆಯ ಭಾವಗೀತೆ. ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಬೇಕು ಅಂತ ಬಹಳ ದಿನದ ಆಸೆ. ಸಾಧಾರಣದ್ದಲ್ಲ, ಹೈ ಎಂಡ್. (ಬೆಲೆ ಮಾತ್ರ ಕೇಳಬೇಡಿ. ನಮ್ಮತ್ತೆ ಈ ಅಂಕಣ ಓದುತ್ತಾರೆ.)

ವೈರ್ ಇರುವುದೋ, ವೈರ್ ಇಲ್ಲದ್ದೋ? ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಇದೇ ಚರ್ಚೆ. ಯೂಟ್ಯೂಬಿನಲ್ಲಿ ನೋಡದ ರಿವ್ಯೂ ಇಲ್ಲ. ವೈರ್ ಇದ್ದರೆ ಹಾಡು ಪೂರ್ತಿಯಾಗಿ ಬರುತ್ತದೆ, ಕೊಳಲಿಗೆ ಮುಂಚೆ ಕಲಾವಿದ ಎಳೆದುಕೊಳ್ಳುವ ಉಸಿರೂ ಕೇಳುತ್ತದೆ. ಬ್ಲೂಟೂತಿನಲ್ಲಾದರೆ ಹಾಡನ್ನು ಹಿಂಡಿ ಕಳಿಸುತ್ತಾರೆ. ಆದರೆ ಈಗಿನ ಫೋನುಗಳಿಗೆ ವೈರ್ ಸಿಕ್ಕಿಸುವ ತೂತೇ ಇಲ್ಲ, ಅದಕ್ಕೆ ಬೇರೆ ಒಂದು ಡಬ್ಬಿ ಬೇಕು. ವೈರ್‌ಲೆಸ್‌ಗೆ ಡಬ್ಬಿ ಬೇಡ, ಆದರೆ ಬ್ಯಾಟರಿ ಮುದಿಯಾಗುತ್ತದೆ. ಊಟಕ್ಕೆ ಕೂತರೂ ಇದೇ ಮಾತು.

ಕೊನೆಗೆ ಹೊಸೂರಿನ ಒಂದು ಅಂಗಡಿಗೆ ಹೋದೆವು. ಹೆದ್ದಾರಿ ಪಕ್ಕದ ಅಂಗಡಿ, ಬಾಗಿಲು ತೆರೆದರೆ ಲಾರಿಗಳ ಹಾರ್ನ್ ಒಳಗೇ ಬಂದು ಕೂರುತ್ತದೆ. ಮೊದಲು ವೈರಿನದನ್ನು ಹಾಕಿಕೊಂಡರು. "ಸೂಪರ್" ಅಂದರು. ಆಮೇಲೆ ಅಂಗಡಿಯವರು ವೈರ್‌ಲೆಸ್ ಕೊಟ್ಟು, "ಸಾರ್, ಈ ಬಟನ್ ಒತ್ತಿ ಪಾರುಂಗ" ಅಂತ ತಮಿಳು ಬೆರೆಸಿ, ಒತ್ತಿ ನೋಡಲು ಹೇಳಿದರು.

ಒತ್ತಿದರು. ಹಾಡು ಹಾಕಿರಲಿಲ್ಲ. ಹೊರಗಿನ ಸದ್ದನ್ನು ಅಳಿಸುವ ಬಟನ್ ಅದು.

ಅವರು ಕಣ್ಣು ಮುಚ್ಚಿದರು. ಹೆಗಲು ಕೆಳಗಿಳಿಯಿತು. ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಅಷ್ಟು ಹಗುರವಾದ ಆ ಮುಖವನ್ನು ನಾನು ನೋಡಿ ವರ್ಷಗಳೇ ಆಗಿತ್ತು.

"ಹಾಡು ಚೆನ್ನಾಗಿ ಕೇಳ್ಸೋದು ಯಾವುದ್ರಲ್ಲಿ ರೀ?" ಅಂದೆ.

"ವೈರಿಂದ್ರಾಗೆ."

"ಮತ್ತೆ ಅದನ್ನೇ ತಗೊಳ್ಳಿ."

"ಇದ್ರಾಗೆ ಸದ್ದು ನಿಲ್ತದೆ ಕಣೆ" ಅಂದರು. ಮಗುವಿನ ಹಾಗೆ ಅಂದರು.

ಸಂಗೀತಕ್ಕೆ ಅಂತ ಹೋದವರು ಮೌನವನ್ನು ಕೊಂಡುಕೊಂಡು ಬಂದೆವು. ತಪ್ಪು ಅಂತ ನಿಮಗೆ ಅನಿಸುತ್ತದಾ? ನನಗೆ ಆವತ್ತು ಅನಿಸಲಿಲ್ಲ. ಇವತ್ತೂ ಪೂರ್ತಿ ಅನಿಸುವುದಿಲ್ಲ.

ಅದಾದ ಮುಂದಿನ ಭಾನುವಾರ ಗೌರಮ್ಮನವರ ಮನೆಗೆ ಹೋದೆವು. ಇವರ ಸ್ವಂತ ಅಕ್ಕ, ನಾನೂ ಅಕ್ಕ ಅಂತಲೇ ಕರೆಯುತ್ತೇನೆ. ಸಾನಮಾವು ಕಾಡಿನ ಅಂಚಿನ ಹಳ್ಳಿ. ರಾಗಿ ತೆನೆ ಬಲಿತು ಕೊಯ್ಲಿಗೆ ಬಂದಿತ್ತು, ಸಾಲಿನ ನಡುವೆ ಅವರೆ ಕಾಯಿ ಬಿಟ್ಟಿತ್ತು. ಅದೇ ಕಾಲದಲ್ಲಿ ಆನೆಗಳೂ ಬರುತ್ತವೆ. ಆ ದಿನ ನಸುಕಿನಲ್ಲೇ ಅರಣ್ಯದವರು ಹಿಂಡನ್ನು ಕಾಡಿಗೆ ಅಟ್ಟಿದ್ದಾರೆ ಅಂತ ಊರಿನ ವಾಟ್ಸಾಪಿನಲ್ಲಿ ಸುದ್ದಿ ಬಂದಿತ್ತು. ಎಲ್ಲರೂ ನಿರಾಳವಾಗಿದ್ದರು. ಒಂದು ಹಿಂದೆ ಉಳಿದಿದ್ದು ಯಾರಿಗೂ ಗೊತ್ತಿರಲಿಲ್ಲ.

ತಿಂಡಿ ತಿಂದು ಇವರು ಹೆಡ್‌ಫೋನ್ ಹಿಡಿದು ಹೊಲದ ಕಡೆ ಹೋದರು. ನಾವು ತಾರಸಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಆನೆಯನ್ನು ಮೊದಲು ನೋಡಿದವರು ಅಕ್ಕನ ಗಂಡ ಮುನಿರಾಜಣ್ಣ.

ಕೂಗಿದೆವು. ಪಕ್ಕದ ಮನೆಯವರೂ ಹತ್ತಿ ಬಂದು ಕೂಗಿದರು. ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ. ನಾನು ಫೋನ್ ಮಾಡಿದೆ. ಆ ಮೂಲೆಯಲ್ಲಿ ಟವರ್ ಸಿಗುವುದಿಲ್ಲ, ಅವರು ಕೇಳುತ್ತಿದ್ದದ್ದು ಮೊದಲೇ ಇಳಿಸಿಟ್ಟುಕೊಂಡ ಹಾಡು. ಮುನಿರಾಜಣ್ಣ ಪಟಾಕಿ ತಂದರು. ಬೆಂಕಿಕಡ್ಡಿ ಗೀರಿ, ಮತ್ತೆ ಆರಿಸಿಬಿಟ್ಟರು.

"ಬೇಡ. ಬೆದರಿ ಅವನ ಕಡೀಕೇ ನುಗ್ಗುದ್ರೆ?"

ನಾನು ಮಾತ್ರ ಕೂಗುತ್ತಲೇ ಇದ್ದೆ. ರೀ, ರೀ ಅಂತ. ಒಬ್ಬ ಮನುಷ್ಯನಿಗೆ ನನ್ನ ಜೀವದಲ್ಲಿರುವ ದನಿಯನ್ನೆಲ್ಲ ಕೊಟ್ಟೂ ಅದು ಮುಟ್ಟದೇ ಇರುವುದು ಹೇಗಿರುತ್ತದೆ ಅಂತ ಆವತ್ತು ಗೊತ್ತಾಯಿತು.

ಅಕ್ಕ ಯಾವಾಗ ಕೆಳಗಿಳಿದರೋ ನಾನು ನೋಡಲಿಲ್ಲ. ನೋಡಿದಾಗ ಅವರು ಆಗಲೇ ಬದುವಿನ ಮೇಲೆ ಓಡುತ್ತಿದ್ದರು. ಅರವತ್ತು ದಾಟಿದ ಹೆಂಗಸು. ಸೀರೆ ಎತ್ತಿ ಕಟ್ಟಿ, ಬಗ್ಗಿಕೊಂಡು, ಸದ್ದಿಲ್ಲದೆ. "ಗೌರೀ, ಬ್ಯಾಡ, ಬಾ ಇತ್ಲಾಗೆ!" ಅಂತ ಮುನಿರಾಜಣ್ಣ ಹಿಂದೆಯೇ ಓಡಿದರು. ಅಕ್ಕ ತಿರುಗಲಿಲ್ಲ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

ಹೋಗಿ ತಮ್ಮನ ಭುಜ ಹಿಡಿದು ಅಲುಗಿಸಿದರು. ಇವರು ತಿರುಗಿ ನಕ್ಕರಂತೆ. ಕಾಫಿ ತಂದಿದ್ದಾಳೆ ಅಂದುಕೊಂಡರಂತೆ. ಅಕ್ಕ ಮಾತಾಡದೆ ಕೈ ಹಿಡಿದು ಎಳೆದರು. ಆಗ ಆನೆ ತಲೆ ಎತ್ತಿ ಇತ್ತ ತಿರುಗಿತು. ಇಬ್ಬರೂ ಓಡಿದರು. ಕಾಲುವೆ ದಾಟುವಾಗ ಅಕ್ಕ ಬಿದ್ದರು, ಬಲಗೈ ಮೈಕೆಳಗೆ ಸಿಕ್ಕಿತು. ಇವರೂ ಮುನಿರಾಜಣ್ಣನೂ ಎತ್ತಿ ಹೊತ್ತುಕೊಂಡು ಬಂದರು.

ಆನೆ ನಾಲ್ಕು ಹೆಜ್ಜೆ ಬಂದು ನಿಂತಿತು. ಕಿವಿ ಬಡಿಯಿತು. ಆಮೇಲೆ ಒಂದು ಹಿಡಿ ರಾಗಿ ಕಿತ್ತು ಬಾಯಿಗೆ ಹಾಕಿಕೊಂಡು ಕೆರೆಯ ಕಡೆ ಹೋಯಿತು. ಅದಕ್ಕೆ ಹಸಿವಿತ್ತು, ಅಷ್ಟೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಹೊಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಇವರು ಅಕ್ಕನ ಮಂಚದ ಪಕ್ಕ ಕೂತವರು ತಲೆ ಎತ್ತಲಿಲ್ಲ. ಊಟ ಕೊಟ್ಟರೆ ತಟ್ಟೆ ಹಿಡಿದು ಹಾಗೇ ಕೂರುತ್ತಿದ್ದರು. ಬೈಯಲು ಶುರು ಮಾಡಿದರೆ ನಿಲ್ಲಿಸುವುದು ನನ್ನ ಕೈಲಾಗುವುದಿಲ್ಲ ಅಂತ ನಾನು ನೀರು ತರಲು ಎದ್ದು ಹೋಗುತ್ತಿದ್ದೆ.

ಮರುದಿನ ಅಕ್ಕನೇ ಮಾತು ತೆಗೆದರು.

"ಯಾಕಲಾ ಮಂಜ, ಅಷ್ಟು ಕೂಗುದ್ರೂ ಕೇಳಿಸ್ಲಿಲ್ವೇನ್ಲಾ?"

"ಇಲ್ಲಕ್ಕ."

"ಒಂಚೂರೂ?"

"ಒಂಚೂರೂ ಇಲ್ಲ."

"ಅದನ್ನ ತತ್ತಾ ಇಲ್ಲಿ. ನೋಡಾನ."

ಹೆಡ್‌ಫೋನ್ ನನ್ನ ಬ್ಯಾಗಿನಲ್ಲೇ ಇತ್ತು. ನಾನೇ ತೆಗೆದು ಅಕ್ಕನಿಗೆ ತೊಡಿಸಿದೆ. ಬಟನ್ ಒತ್ತಿದೆ. ವಾರ್ಡಿನಲ್ಲಿ ಫ್ಯಾನು ಗರಗರ ಅನ್ನುತ್ತಿತ್ತು, ಟ್ರಾಲಿ ಉರುಳುತ್ತಿತ್ತು, ಪಕ್ಕದ ಮಂಚದ ಅಜ್ಜಿ ತೆಲುಗಿನಲ್ಲಿ ಸೊಸೆಯನ್ನು ಬೈಯುತ್ತಿದ್ದರು. ಅಕ್ಕ ಸುತ್ತ ನೋಡಿದರು. ಕಣ್ಣು ದೊಡ್ಡದಾಯಿತು. ಎಡಗೈಯಿಂದ ತಟ್ಟನೆ ಕಿತ್ತು ಹಾಸಿಗೆ ಮೇಲಿಟ್ಟರು.

"ಅಯ್ಯಪ್ಪ, ಎಲ್ರೂ ಹೋಗ್ಬುಟ್ಟಂಗಾಯ್ತದೆ ಕಣ್ಲಾ."

ಬೈಗುಳ ಬರುತ್ತದೆ ಅಂತ ಇವರು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಅಕ್ಕ ತಮ್ಮನನ್ನೇ ನೋಡುತ್ತಾ ಕೇಳಿದರು:

"ಇಂಗೆ ಯಾರೂ ಬ್ಯಾಡ ಅನ್ಸೋ ಅಷ್ಟು ಸದ್ದಾ ಮಂಜ, ಆ ಫ್ಯಾಕ್ಟ್ರಿಯಾಗೆ?"

ಇವರು ಅತ್ತುಬಿಟ್ಟರು. ವಾರ್ಡಿನ ಎಲ್ಲರ ಮುಂದೆ, ದನಿ ತೆಗೆದು. ಇಷ್ಟು ವರ್ಷ ಜೊತೆಗಿದ್ದೂ ನಾನು ಆ ಪ್ರಶ್ನೆಯನ್ನು ಹಾಗೆ ಕೇಳಿರಲಿಲ್ಲ. ನೀವು ನಿಮ್ಮ ಮನೆಯಲ್ಲಿ ಕೇಳಿದ್ದೀರಾ?

ಅಕ್ಕ ಮನೆಗೆ ಹೋದ ಮೇಲೆ ಇವರು ಅದೇ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದರು. ಈಗಿನದು ವೈರ್ ಇರುವುದು. ಕಿವಿಯ ಮೇಲೆ ಕೂರುವ ಅದರ ಬಟ್ಟಲುಗಳ ಹೊರಮೈ ಜಾಲರಿ, ಮುಚ್ಚಿರುವುದಿಲ್ಲ. "ಸಾರ್, ಇದ್ರಲ್ಲಿ ಹೊರಗಡೆ ಸೌಂಡೆಲ್ಲ ಒಳಗೆ ವರುಂ, ಪರವಾಗಿಲ್ವಾ?" ಅಂತ ಅಂಗಡಿಯವರು ಎರಡು ಸಲ ಎಚ್ಚರಿಸಿದರಂತೆ.

"ಬರ್ಲಿ" ಅಂದರಂತೆ ಇವರು.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಪ್ರೆಸ್ಸಿನ ಸದ್ದು ನಿಂತಿಲ್ಲ. ಇವರು ಈಗಲೂ ಸಂಜೆ ಬಂದು ಗೋಡೆ ನೋಡುತ್ತಾ ಸ್ವಲ್ಪ ಹೊತ್ತು ಕೂರುತ್ತಾರೆ. ಬೇರೆ ವಿಭಾಗ ಕೊಡಿ ಅಂತ ಕಂಪನಿಯಲ್ಲಿ ಕೇಳಿದ್ದಾರೆ, ನೋಡೋಣ ಅಂದಿದ್ದಾರೆ. ಅಕ್ಕನ ಕೈ ಕೂಡಿಕೊಂಡಿದೆ, ಆದರೆ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಇನ್ನು ಮುದ್ದೆ ತೊಳಸಲು ಆಗುವುದಿಲ್ಲ. ಈಗ ಆ ಮನೆಯಲ್ಲಿ ಕೋಲು ಹಿಡಿಯುವವರು ಮುನಿರಾಜಣ್ಣ. ಮುದ್ದೆ ಗಂಟುಗಂಟಾಗಿರುತ್ತದೆ. ಯಾರೂ ಏನೂ ಅನ್ನದೆ ನುಂಗುತ್ತೇವೆ.

ಮೊನ್ನೆ ಪರಿಚಯದವರೊಬ್ಬರು ಫೋನ್ ಮಾಡಿ, "ಮೇಡಂ, ನಿಮ್ಮನೇಲಿ ಎರಡೂ ಬಳಸಿ ನೋಡಿದ್ದೀರಂತೆ, ವೈರ್ ಇರೋದು ತಗೊಳ್ಳಲಾ, ಇಲ್ಲದ್ದಾ?" ಅಂದರು. ಯಾವುದಾದರೂ ತಗೊಳ್ಳಿ, ಎರಡೂ ಚೆನ್ನಾಗಿವೆ ಅಂದೆ. ಹೇಳದೆ ಉಳಿದದ್ದು ಒಂದಿತ್ತು.

ಕೂಗಿದ್ದು ಕೇಳಿಸದವರ ಹತ್ತಿರಕ್ಕೆ ಯಾರಾದರೂ ಎಷ್ಟು ಸಲ ಅಂತ ಓಡಿ ಬಂದಾರು?