ಮಚ್ಚೆ ಅಳಿಸಿದವನ ಮತದಾನ

ಮೂವತ್ತು ವರ್ಷಗಳಲ್ಲಿ ಆತ ಅಳಿಸಿದ ಮಚ್ಚೆಗಳನ್ನು ರಾಶಿ ಹಾಕಿದ್ದರೆ ಒಂದು ಮೂಟೆ ಸಾಸಿವೆಯಾದರೂ ಆಗುತ್ತಿತ್ತು. ಬಸ್ ನಿಲ್ದಾಣದ ಹಿಂದೆ ಎರಡು ಮೆಟ್ಟಿಲು ಇಳಿದರೆ ಅವನ ಸ್ಟುಡಿಯೋ. ಒಂದು ಸ್ಟೂಲು, ಒಂದು ನೀಲಿ ಪರದೆ, ಗಿರಾಕಿಗಳಿಗೆಂದು ಮೊಳೆಗೆ ತೂಗುಹಾಕಿದ ಬಾಚಣಿಗೆ. ಯಾರೇ ಫೋಟೋ ತೆಗೆಸಲಿ, ಕೇಳದೆಯೇ ಗಾಯ ಮಾಯಿಸುತ್ತಿದ್ದ, ಬೋಳು ನೆತ್ತಿಯಲ್ಲಿ ಬೆಳೆ ಬರಿಸುತ್ತಿದ್ದ. ಫೋಟೋದ ಮುಖ ತಿದ್ದುವ ಈ ಟಚಿಂಗ್‌ನಿಂದಲೇ ಊರಿಗೆಲ್ಲ ಅವನು ಟಚಿಂಗ್ ಮಾವ.

ತನ್ನ ಮತದಾರರ ಗುರುತಿನ ಚೀಟಿಗೆ ಫೋಟೋ ಬೇಕಾದಾಗ ಮಹಾಶಯ ಸುಮ್ಮನಿರುತ್ತಾನೆಯೇ? ಹಣೆಯ ಮೇಲಿನ ಕಡಲೆಗಾತ್ರದ ಮಚ್ಚೆ ಮಾಯವಾಯಿತು, ನೆತ್ತಿಯಲ್ಲಿ ಕಾಡು ಬೆಳೆಯಿತು, ಎರಡಿದ್ದ ಗದ್ದ ಒಂದಾಯಿತು. ಹೆಂಡತಿಯ ಫೋಟೋವನ್ನು ಮಾತ್ರ ಮುಟ್ಟಲಿಲ್ಲ. "ನಿನ್ನ ಮುಖದಲ್ಲಿ ತಿದ್ದೋಕೇನಿದೆ?" ಎಂದಿದ್ದ.

ಅದರ ಬೆನ್ನಿಗೇ ಬಂದ ಚುನಾವಣೆಯಲ್ಲಿ ಹೊಸ ನಿಯಮವಿತ್ತು: ಚೀಟಿಯ ಮುಖಕ್ಕೂ ಎದುರಿನ ಮುಖಕ್ಕೂ ತಾಳೆಯಾಗದಿದ್ದರೆ ಮತವಿಲ್ಲ. ವಯಸ್ಸಿಗೆ ಬಂದಂದಿನಿಂದ ಒಂದು ಮತವನ್ನೂ ತಪ್ಪಿಸದ ನಮ್ಮ ವೀರ, ಇಸ್ತ್ರಿಯ ಅಂಗಿ ತೊಟ್ಟು ಶಾಲೆಯ ಕೋಣೆಗೆ ದಂಡೆತ್ತಿ ಹೋದ. ಮೇಜಿನ ಹಿಂದಿದ್ದ ಟೀಚರಮ್ಮ ಚೀಟಿ ನೋಡಿದರು, ಮುಖ ನೋಡಿದರು.

"ಇದು ನಿಮ್ಮ ಮಗಂದಾ?"

"ನಂದೇ ಮೇಡಂ. ಸ್ವಲ್ಪ ಟಚಿಂಗ್ ಮಾಡಿದೀನಿ."

"ಇದು ಸ್ವಲ್ಪಾನಾ?"

ಆಗಲೇ ಮತ ಹಾಕಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೂಗಿದಳು: "ಇವ್ರು ನಮ್ಮ ಯಜಮಾನ್ರೇ ಮೇಡಂ, ನಾನು ಬೇಡ ಅಂದ್ರೂ ಇವ್ರೇ! ಇರೋ ಮೂತಿ ಇರಲಿ ಅಂತ ಆವತ್ತೇ ಬಡ್ಕೊಂಡೆ."

"ಹೆಂಡ್ತಿ ಸಾಕ್ಷಿ ನಡೆಯಲ್ಲಮ್ಮ. ಪಕ್ಕಕ್ಕೆ ಬನ್ನಿ, ಸಾರ್."

ಸಾಲೆಲ್ಲ ನಕ್ಕಿತು. ಅವನೊಬ್ಬ ನಗಲಿಲ್ಲ. ಸಂವಿಧಾನ ಮತದ ಹಕ್ಕು ಕೊಟ್ಟದ್ದು ಮಚ್ಚೆಯ ಬೋಳುತಲೆಯವನಿಗೆ. ಅವನನ್ನು ಅಳಿಸಿ, ಎಲ್ಲೂ ಇಲ್ಲದ ಸುಂದರಾಂಗನಿಗೆ ಚೀಟಿ ಕೊಡಿಸಿದವನು ತಾನೇ. ಕಳ್ಳಮತ ತಡೆಯುವ ಬಲೆ ಬೇಕು, ನಿಜ. ಆದರೆ ಮೊಸಳೆಗಳು ನುಸುಳಿ ಪಾರಾಗುತ್ತವೆ, ಇಂಥ ಪೆದ್ದು ಮೀನುಗಳೇ ಅದರಲ್ಲಿ ಸಿಕ್ಕಿಬೀಳುತ್ತವೆ.

ಪಕ್ಕಕ್ಕೆ ಸರಿಯುತ್ತಿದ್ದವನು ತಟ್ಟನೆ ನಿಂತ.

"ಮೇಡಂ, ಕಿವಿ ನೋಡಿ! ಕಿವಿ ಯಾರೂ ನೋಡಲ್ಲ ಅಂತ ಯಾವತ್ತೂ ಅದಕ್ಕೆ ಕೈ ಹಚ್ಚಿಲ್ಲ ನಾನು."

ಟೀಚರಮ್ಮ ಕನ್ನಡಕ ಏರಿಸಿದರು. ಫೋಟೋದ ಎಡಗಿವಿಯ ಹಾಲೆಯಲ್ಲಿ ಸಣ್ಣ ಸೀಳು. ಎದುರಿನ ಕಿವಿಯಲ್ಲೂ ಅದೇ ಸೀಳು. ಮತ್ತೊಬ್ಬ ಅಧಿಕಾರಿಯನ್ನು ಕರೆದು ತೋರಿಸಿದರು. ಇಬ್ಬರೂ ಬಗ್ಗಿ, ಜಗ್ಗಿ ನೋಡಿ ತಲೆಯಾಡಿಸಿದರು. "ಬೆರಳು ಕೊಡಿ."

ಶಾಯಿ ಬಿತ್ತು. ಅವನು ತಿರುಗಿ ನೋಡಿದರೆ, ಸಾಲಿನಲ್ಲಿದ್ದ ಅವನ ಗಿರಾಕಿಗಳೆಲ್ಲ ಸದ್ದಿಲ್ಲದೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು.

ಮರುದಿನ ಹೊಸ ಚೀಟಿಗಾಗಿ ಸ್ಟೂಲಿನ ಮೇಲೆ ಅವನೇ ಕುಳಿತ. ಕ್ಯಾಮೆರಾದ ಹಿಂದೆ ಹೆಂಡತಿ.

"ಈ ಸಲ ಟಚಿಂಗ್ ಮಾಡಿದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ."

"ಅಯ್ಯೋ, ಕಿವಿ ಹೋದ್ರೆ ಓಟೂ ಹೋಗುತ್ತೆ ಕಣೇ," ಎಂದು ಅವನು ಮಚ್ಚೆಯ ಮೇಲಿನ ಬೆವರು ಒರೆಸಿಕೊಂಡು ನೆಟ್ಟಗೆ ಕುಳಿತ.