ಹಿಂಬಾಗಿಲ ಸಂದು

ಹೊಲಿಗೆ ಯಂತ್ರ ಕೆಟ್ಟು ಕೂತ ಕಡೆಯಲ್ಲೆಲ್ಲ ಅವನನ್ನು ಮಿಷಿನ್ ಮಾಮ ಎನ್ನುತ್ತಿದ್ದರು. ಅವಳಿಗೆಂದು ಬೇರೆ ಹೆಸರು ಹುಟ್ಟಲಿಲ್ಲ. ಮಾಮನ ಹೆಂಡತಿ ಮಾಮಿ, ಅಷ್ಟೇ. ಇಬ್ಬರೂ ಒಂದು ಹಳೆಯ ವ್ಯಾನಿನಲ್ಲಿ ಊರಿಂದ ಊರಿಗೆ ಹೋಗಿ ದರ್ಜಿ ಅಂಗಡಿಗಳ, ಹಾಸ್ಟೆಲ್ಲುಗಳ, ಸಣ್ಣಪುಟ್ಟ ಕಾರ್ಖಾನೆಗಳ ಯಂತ್ರ ರಿಪೇರಿ ಮಾಡುತ್ತಿದ್ದರು. ಅದೇ ವ್ಯಾನಿನಲ್ಲಿ ಅಡುಗೆ, ಊಟ, ನಿದ್ದೆ. ಬಿಚ್ಚುವುದು, ಜೋಡಿಸುವುದು ಅವನ ಕೆಲಸ. ಬಿಚ್ಚಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಗಳ ನಡುವೆ ಸಿಕ್ಕಿಕೊಂಡ ನೂಲನ್ನು ಸೂಜಿಯಿಂದ ಕಿತ್ತು, ಎಣ್ಣೆ ಬಿಟ್ಟು, ಕೊನೆಗೆ ಚಿಂದಿಬಟ್ಟೆಯ ಮೇಲೆ ಹೊಲಿದು ನೋಡುವುದು ಅವಳದು. ಯಂತ್ರ ಸರಿಹೋದರೆ ಅವನ ಕೈಗುಣ, ಮತ್ತೆ ಕೆಟ್ಟರೆ ಇವಳು ಸರಿಯಾಗಿ ತೊಳೆದಿರಲಿಲ್ಲ.

ವ್ಯಾನಿನ ಒಳಗೆ ಮಲಗಲು ಎರಡು ಜಾಗ. ಮುಂದಿನ ಸೀಟುಗಳ ಬೆನ್ನಿಗೆ, ಎದೆಮಟ್ಟದ ಎತ್ತರದಲ್ಲಿ ಒಂದು ಮಂಚ. ಅದಕ್ಕೆ ಹಲಗೆಯ ಮರೆ ಇತ್ತು, ಪಕ್ಕದಲ್ಲೇ ಒಲೆಯ ಕಾವು ಇತ್ತು. ಅದು ಅವನದು. ಇನ್ನೊಂದು, ಹಿಂಬಾಗಿಲಿನ ಎರಡು ಕದಗಳಿಗೆ ಒತ್ತಿಕೊಂಡಂತೆ ಅಡ್ಡಲಾಗಿ ಹಾಕಿದ ಹಲಗೆ. ಅದು ಅವಳದು. ಬಲಗಡೆಯ ಕದ ಕೀಲು ಸವೆದು ಜೋತುಬಿದ್ದಿತ್ತು. ಎರಡೂ ಕದ ಮುಚ್ಚಿ ಚಿಲಕ ಹಾಕಿದ ಮೇಲೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಅಂಚಿನ ರಬ್ಬರ್ ಯಾವ ಕಾಲದಲ್ಲೋ ಒಣಗಿ, ಸೀಳಿ, ಉದುರಿಹೋಗಿತ್ತು. ಚಳಿಗಾಲದಲ್ಲಿ ಆ ಸಂದಿನಿಂದ ಬರುವ ಗಾಳಿ ಕುತ್ತಿಗೆಯ ಹಿಂಭಾಗಕ್ಕೇ ಗುರಿ ಹಿಡಿದು ಬಂದಂತೆ ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವಳು ನಗುನಗುತ್ತಲೇ ಹೇಳಿದ್ದಳು. "ರೀ, ಆ ಬಾಗಿಲಿಗೆ ಏನಾದ್ರೂ ಮಾಡಿಸ್ರೀ. ಬೆನ್ನೆಲ್ಲ ಮರಗಟ್ಟಿಹೋಗುತ್ತೆ."

"ಚಳಿ ಇರೋದು ನಿನ್ನ ಮನಸ್ಸಲ್ಲಿ," ಎಂದಿದ್ದ ಅವನು. "ಕೆಲಸ ಮಾಡಿ ದಣಿದವರಿಗೆ ಎಲ್ಲಿ ಮಲಗಿದ್ರೂ ನಿದ್ದೆ ಬರುತ್ತೆ."

ಹಳೆಯ ಸೀರೆಯನ್ನು ಹಗ್ಗದಂತೆ ಹೊಸೆದು ಅವಳು ಸಂದಿಗೆ ತುರುಕಿದಳು. ಬೆಳಿಗ್ಗೆ ಯಂತ್ರ ಇಳಿಸಲು ಕದ ತೆಗೆದಾಗ ಅದು ಕಾಲಿಗೆ ಸಿಕ್ಕಿತೆಂದು ಅವನು ಎತ್ತಿ ಚರಂಡಿಗೆ ಎಸೆದ. ರಟ್ಟು ಕತ್ತರಿಸಿ ಅಂಟಿಸಿದಳು, ಮಳೆಗೆ ಮುದ್ದೆಯಾಯಿತು. ಕಂಬಳಿಯನ್ನು ಪರದೆಯಂತೆ ಇಳಿಬಿಟ್ಟಳು, ಯಂತ್ರ ಹತ್ತಿಸಿ ಇಳಿಸಲು ಅಡ್ಡವಾಗುತ್ತದೆಂದು ಅವನು ಕಿತ್ತುಹಾಕಿದ. ಒಂದು ವರ್ಷ ಅವನು ನಿಜವಾಗಿಯೂ ಅಂಗಡಿಯಿಂದ ಹೊಸ ರಬ್ಬರ್ ಬೀಡಿಂಗ್ ತಂದ. ಅವಳ ಮುಖ ಅರಳಿತು. ಅವನು ಅದನ್ನು ಬಿಡಿಭಾಗಗಳ ಕಪಾಟಿನ ಬಾಗಿಲಿಗೆ ಸುತ್ತಲೂ ಅಚ್ಚುಕಟ್ಟಾಗಿ ಅಂಟಿಸಿದ.

"ಸೂಜಿಗೆ ತುಕ್ಕು ಹಿಡಿಯುತ್ತೆ ಕಣೇ," ಎಂದ. "ನಿನಗೆ ಹಿಡಿಯಲ್ಲ."

ಆ ಚಳಿಗಾಲವೇ ಅವಳ ಬಲಗಿವಿ ಸೋರತೊಡಗಿತು. ಆಸ್ಪತ್ರೆಗೆ ಹೋಗುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಗಿ, ಕೊನೆಗೆ ಹೋಗುವ ಹೊತ್ತಿಗೆ ಆ ಕಿವಿ ಕೇಳಿಸುವುದನ್ನೇ ಬಿಟ್ಟಿತ್ತು. ಅವನಿಗೆ ಅದೊಂದು ಒಳ್ಳೆಯ ತಮಾಷೆಯಾಯಿತು. ಹೋದಹೋದ ಅಂಗಡಿಯಲ್ಲೆಲ್ಲ "ನನ್ನ ಹೆಂಡ್ತಿಗೆ ಒಂದೇ ಕಿವಿ, ಹಾಗಾಗಿ ಮನೇಲಿ ಅರ್ಧ ಜಗಳ ಉಳಿತಾಯ" ಎನ್ನುತ್ತಿದ್ದ. ದರ್ಜಿಗಳು ನಗುತ್ತಿದ್ದರು. ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವಳೂ ಹಲ್ಲು ಬಿಡುತ್ತಿದ್ದಳು.

ಒಬ್ಬಳೇ ಮಗಳು. ಓದಿದ್ದೆಲ್ಲ ಹಾಸ್ಟೆಲಿನಲ್ಲಿ. ರಜೆಗೆ ಬಂದಾಗ ಅಪ್ಪನ ಮಂಚದ ಮೇಲೆ ಅಪ್ಪನಿಗೇ ಅಂಟಿಕೊಂಡು ಮಲಗುತ್ತಿದ್ದಳು. ಅವಳಿಗೆ ಅಪ್ಪನೆಂದರೆ ಬಣ್ಣದ ರಿಬ್ಬನ್ನು, ಬಿಸ್ಕತ್ತು ತರುವವನು. ಅಮ್ಮ ಎಂದರೆ ಸೀಮೆಎಣ್ಣೆ ವಾಸನೆ. ಮದುವೆಯಾಗಿ ಈಗ ದೊಡ್ಡ ಊರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ಮಾಮ ಬಿದ್ದದ್ದು ಒಂದು ಬೆಳಿಗ್ಗೆ. ವ್ಯಾನಿನ ತಲೆಯ ಮೇಲೆ ಕಟ್ಟಿದ್ದ ಕಬ್ಬಿಣದ ಸ್ಟ್ಯಾಂಡ್ ಇಳಿಸಲು ಹೋಗಿ ಏಣಿಯಿಂದ ಜಾರಿದ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡ್ ಹಾಕಿದರು, ತಿಂಗಳುಗಟ್ಟಲೆ ಅಲುಗಾಡಬಾರದು ಎಂದರು. ಮಗಳು ಬಂದು ಆಸ್ಪತ್ರೆಯಲ್ಲಿ ಅತ್ತು, "ಇನ್ನೊಂದು ರೂಮಿರೋ ಮನೆ ಸಿಗಲಿ ಅಪ್ಪ, ಕರ್ಕೊಂಡು ಹೋಗ್ತೀನಿ" ಎಂದು ಕೆಲಸಕ್ಕೆ ಹಿಂತಿರುಗಿದಳು. ಹೊಲಿಗೆ ಕಲಿಸುವ ಶಾಲೆಯೊಂದರ ಯಜಮಾನಿ ತನ್ನ ಹಿತ್ತಲಿನ ಬಯಲಿನಲ್ಲಿ ವ್ಯಾನು ನಿಲ್ಲಿಸಿಕೊಳ್ಳಲು ಒಪ್ಪಿದಳು. ಪ್ರತಿಯಾಗಿ ಶಾಲೆಯ ಯಂತ್ರಗಳನ್ನು ಮಾಮಿ ನೋಡಿಕೊಳ್ಳಬೇಕು. ಮಾಮಿ ಒಪ್ಪಿಕೊಂಡಳು. ಅಷ್ಟು ವರ್ಷ ತೊಳೆದು ಒರೆಸಿದವಳಿಗೆ ಬಿಚ್ಚುವುದೇನು ದೊಡ್ಡ ವಿದ್ಯೆಯಾಗಿರಲಿಲ್ಲ.

ಎದೆಮಟ್ಟದ ಮಂಚಕ್ಕೆ ಮಾಮನನ್ನು ಏರಿಸುವ ಹಾಗಿರಲಿಲ್ಲ. ಆಸ್ಪತ್ರೆಯವರು ಸ್ಟ್ರೆಚರಿನಿಂದ ನೇರ ಹಿಂದಿನ ಹಲಗೆಗೆ ಇಳಿಸಿದರು. ಮುರಿದ ಮಗ್ಗುಲಿಗೆ ಭಾರ ಬೀಳದಂತೆ, ಮುಖ ಒಳಕ್ಕೆ, ಬೆನ್ನು ಬಾಗಿಲಿಗೆ ಮಾಡಿ ಮಲಗಿಸಿದರು. ಅವಳು ಮುಂದಿನ ಮಂಚ ಹತ್ತಿದಳು. ಅಲ್ಲಿ ಎಷ್ಟು ಬೆಚ್ಚಗಿತ್ತೆಂದರೆ, ಮೊದಲ ದಿನ ಅವಳಿಗೆ ಸಂತೋಷವಾಗಲಿಲ್ಲ, ಮೈ ಉರಿದುಹೋಯಿತು. ಇಷ್ಟು ವರ್ಷ ಇದು ಇಲ್ಲೇ ಇತ್ತು, ಒಂದು ಮಾರು ದೂರದಲ್ಲಿ.

ಚಳಿ ಶುರುವಾದದ್ದೇ ಮಾಮ ಗೊಣಗತೊಡಗಿದ. "ಲೇ, ಹಿಂದಿಂದ ಗಾಳಿ ಹೊಡೀತಿದೆ. ಏನಾದ್ರೂ ತುರುಕು."

"ಅದು ನಿಮ್ಮ ಮನಸ್ಸಲ್ಲಿದೆ," ಎಂದಳು ಅವಳು, ಸೌಟು ಆಡಿಸುತ್ತ. ಹೇಳಬೇಕೆಂದು ಮೊದಲೇ ಲೆಕ್ಕ ಹಾಕಿರಲಿಲ್ಲ. ಬಾಯಿಂದ ತಾನಾಗಿ ಬಂತು. ಬಂದ ಮೇಲೆ ನಾಲಿಗೆಗೆ ಅದರ ರುಚಿ ಹತ್ತಿತು.

ಮರುವಾರ ಅವಳು ವಾಹನದ ಬಿಡಿಭಾಗಗಳ ಅಂಗಡಿಗೆ ಹೋದಳು. ಅಂಗಡಿಯವನು ಕೌಂಟರಿನ ಮೇಲೆ ಕಪ್ಪು ರಬ್ಬರಿನ ಸುರುಳಿ ಬಿಚ್ಚಿಟ್ಟು, ಒಳಗೆ ಪೊಳ್ಳಿರುವುದನ್ನೇ ತೆಗೆದುಕೊಳ್ಳಿ, ಕದ ಒತ್ತಿದಾಗ ಅದು ಚಪ್ಪಟೆಯಾಗಿ ಕೂರುತ್ತದೆ ಎಂದು ಹೇಳಿಕೊಟ್ಟ. ಹಳೆಯ ಗೋಂದು ಒಂದಿಷ್ಟೂ ಉಳಿಯದಂತೆ ಉಜ್ಜಿ ತೆಗೆಯಬೇಕು, ತಗಡು ಒಣಗಿರಬೇಕು, ಮೂಲೆಯಲ್ಲಿ ಎಳೆದು ಅಂಟಿಸಬಾರದು, ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತು ಮುಚ್ಚಬಾರದು. ಅವಳು ಎಡಗಿವಿ ಮುಂದೆ ಮಾಡಿ ಎಲ್ಲವನ್ನೂ ಕೇಳಿಸಿಕೊಂಡಳು.

ಬಿಸಿಲಿರುವ ಮಧ್ಯಾಹ್ನ ನೋಡಿ ಕೆಲಸಕ್ಕೆ ಕೂತಳು. ಡ್ರೈವರ್ ಕಡೆಯ ಬಾಗಿಲು, ಅದರ ಎದುರಿನದು, ಪಕ್ಕಕ್ಕೆ ಸರಿಯುವ ಬಾಗಿಲು, ಮೂರಕ್ಕೂ ಬೀಡಿಂಗ್ ಹಾಕಿದಳು. ಕಾಗದದ ಚೂರನ್ನು ಸಂದಿಗಿಟ್ಟು ಬಾಗಿಲು ಹಾಕಿ ಎಳೆದು ನೋಡಿದಳು. ಜಾರಿ ಬಂದ ಕಡೆ ಕಿತ್ತು ಮತ್ತೆ ಅಂಟಿಸಿದಳು. ಕೊನೆಗೆ ಎಲ್ಲಿ ಇಟ್ಟರೂ ಕಾಗದ ಹರಿಯಿತೇ ಹೊರತು ಬರಲಿಲ್ಲ.

ಮಾಮ ಮಲಗಿದಲ್ಲಿಂದಲೇ ಎಲ್ಲ ಗಮನಿಸುತ್ತಿದ್ದ. ಅವನ ದನಿಯಲ್ಲಿ ಅವಳು ಎಂದೂ ಕೇಳದ ಮೆದುತನ ಬಂದಿತ್ತು. "ಹಿಂದಿನದಕ್ಕೂ ಹಾಕ್ತೀಯಲ್ವಾ?"

"ಹಾಕ್ತೀನಿ, ಸುಮ್ಮನಿರಿ."

ಅವಳು ಹೊರಗಿನಿಂದ ಸುತ್ತಿ ಬಂದು ಹಿಂಬಾಗಿಲು ತೆರೆದಳು. ಚಾಕುವಿನಿಂದ ಕರಕರ ಕೆರೆದಳು, ಸೀಮೆಎಣ್ಣೆಯ ಬಟ್ಟೆ ಆಡಿಸಿದಳು, ಬೆರಳಿಂದ ಅಂಚು ಒತ್ತಿದಳು, ಕದವನ್ನು ಧಡಾರನೆ ಮುಚ್ಚಿದಳು. ಒಂದು ಗೇಣು ರಬ್ಬರ್ ಕೂಡ ಅಂಟಿಸಲಿಲ್ಲ. ಒಳಗೆ ಬಂದು ಮೇಣದಬತ್ತಿ ಹಚ್ಚಿ ಅವನ ಬೆನ್ನ ಹಿಂದೆ, ಸಂದಿನ ಹತ್ತಿರ ಹಿಡಿದಳು. ಜ್ವಾಲೆ ಅಡ್ಡಡ್ಡ ಮಲಗಿ, ಇನ್ನೇನು ಆರುವಂತಾಯಿತು. ಅವನಿಗೆ ಹೊರಳಿ ನೋಡಲು ಆಗುತ್ತಿರಲಿಲ್ಲ.

"ಹೇಗಿದೆ?" ಎಂದು ಕೇಳಿದ.

"ಕಡ್ಡಿ ಹಾಗೆ ನೆಟ್ಟಗೆ ಉರೀತಿದೆ," ಎಂದಳು. ಊದಿ ಆರಿಸಿದಳು.

ಉಳಿದ ರಬ್ಬರನ್ನು ಮಂಚದ ಕೆಳಗೆ ತಳ್ಳಿದಳು. ಅವನಿಗೆ ಗಾಳಿ ಬರುತ್ತಲೇ ಇತ್ತು. ಬೀಡಿಂಗ್ ಹಾಕಿದ್ದಾಳೆಂದು ನಂಬಿದ್ದರಿಂದ ಹಾಗೆನ್ನಲು ಅವನಿಗೇ ಅನುಮಾನ. ಜ್ವರವಿದೆಯೇನೋ ಎಂದು ಹಣೆ ಮುಟ್ಟಿಕೊಳ್ಳುತ್ತಿದ್ದ. ಮಾತ್ರೆಯಿಂದ ಹೀಗಾಗುತ್ತದೆಯೇ ಎಂದು ಫೋನಿನಲ್ಲಿ ಮಗಳನ್ನು ಕೇಳುತ್ತಿದ್ದ. ಆಗಾಗ ಒಂದು ಕೈಯನ್ನು ಹೇಗೋ ಹಿಂದಕ್ಕೆ ಮಡಚಿ ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಂಡು ಮಲಗುತ್ತಿದ್ದ. ತಾನೂ ಹಾಗೇ ಮಲಗುತ್ತಿದ್ದೆ ಎಂಬುದು ಅವಳಿಗೆ ನೆನಪಾಯಿತು. ನೆನಪಾದರೂ ಕರುಣೆ ಬರಲಿಲ್ಲ. ಹೊತ್ತುಹೊತ್ತಿಗೆ ಗಂಜಿ ಕೊಟ್ಟಳು, ಮೈ ಒರೆಸಿದಳು, ಬಟ್ಟೆ ಬದಲಿಸಿದಳು. ಯಾರೂ ಬೆರಳು ತೋರಿಸುವಂತಿರಲಿಲ್ಲ. ನಿದ್ದೆಗೆ ಹೋಗುವಾಗ ಮಾತ್ರ ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ, ಕೇಳದ ಕಿವಿಯನ್ನು ಅವನ ಕಡೆಗೆ ಮಾಡಿ ಮಲಗುತ್ತಿದ್ದಳು.

ಕೆಮ್ಮು ಹತ್ತಿಕೊಂಡಿತು. ಕೆಮ್ಮಿದಾಗಲೆಲ್ಲ ರಾಡ್ ಹಾಕಿದ ಸೊಂಟ ಕಿತ್ತುಬರುವಂತಾಗಿ ಅವನು ಮಕ್ಕಳ ಹಾಗೆ ಅಳುತ್ತಿದ್ದ. ಇನ್ನು ಸಾಕು, ಅಂಟಿಸಿಬಿಡೋಣ ಎಂದು ಅವಳು ಒಮ್ಮೆ ರಬ್ಬರ್ ಕೈಗೆತ್ತಿಕೊಂಡದ್ದೂ ಉಂಟು. ಅಷ್ಟರಲ್ಲಿ ಅವನು, "ಲೇ ಕಿವುಡಿ, ಕರೆದರೆ ಬರೋಕಾಗಲ್ವಾ?" ಎಂದು ಕಿರುಚಿದ. ಅವಳು ರಬ್ಬರನ್ನು ಇದ್ದ ಜಾಗದಲ್ಲೇ ಇಟ್ಟಳು.

ಮಗಳು ಹೇಳದೆ ಕೇಳದೆ ಒಂದು ಬೆಳಿಗ್ಗೆ ಬಂದಿಳಿದಳು. ಅಪ್ಪನ ಎದೆಯಲ್ಲಿ ಗೊರಗೊರ ಸದ್ದು ಕೇಳಿ ಅವಳ ಮುಖ ಬಿಳಿಚಿತು. ತಲೆದಿಂಬು ಸರಿಮಾಡಲು ಬಗ್ಗಿದವಳು ಹಾಗೇ ನಿಂತಳು. ಕೈಯನ್ನು ಬಾಗಿಲ ಸಂದಿಗೆ ಹಿಡಿದು ನೋಡಿದಳು. ಆಚೆಯ ಬಯಲು, ಬಯಲಿನ ಹುಲ್ಲು ಸಂದಿನಿಂದ ಕಾಣುತ್ತಿತ್ತು. ಮುಂದೆ ಹೋಗಿ ಉಳಿದ ಬಾಗಿಲುಗಳ ಹೊಸ ರಬ್ಬರ್ ಸವರಿದಳು. ಮಂಚದ ಕೆಳಗಿದ್ದ ಸುರುಳಿಯನ್ನು ಕಾಲಿಂದ ಹೊರಕ್ಕೆಳೆದಳು.

"ಅಮ್ಮಾ," ಎಂದಳು. "ಅಪ್ಪನಿಗೆ ಹೀಗೆ ಮಾಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

"ಇಷ್ಟು ವರ್ಷ ಅಲ್ಲಿ ಮಲಗಿದ್ದು ಯಾರು? ನಿನಗೆ ಗೊತ್ತಿರಲಿಲ್ವಾ?"

"ನಿನಗೆ ಅಭ್ಯಾಸ ಆಗಿತ್ತಲ್ಲಮ್ಮ!"

ಹಲಗೆಯ ಮೇಲಿಂದ ಮಾಮ ಏದುಸಿರು ಬಿಡುತ್ತ, "ನನ್ನನ್ನ ಕೊಲ್ಲೋಕೆ ನೋಡಿದಳು ಮಗಳೇ, ಇಂಥವಳ ಜೊತೆ ಬಾಳಿದೆ ನಾನು," ಎಂದ. ಮಗಳು ಅವನ ತಲೆಯನ್ನು ಎದೆಗಾನಿಸಿಕೊಂಡು ಗೊಳೋ ಎಂದು ಅತ್ತಳು. ಗಾಳಿಯ ವಿಷಯವಾಗಿ ಒಬ್ಬರ ಮಾತನ್ನು ಇನ್ನೊಬ್ಬರು ಇಷ್ಟು ಬೇಗ ನಂಬಿದ್ದನ್ನು ಮಾಮಿ ನೋಡಿದ್ದು ಅದೇ ಮೊದಲು.

ಅಂದೇ ಆಂಬುಲೆನ್ಸ್ ಬಂತು. ಮಾಮ ಸಾಯಲಿಲ್ಲ. ಆಸ್ಪತ್ರೆಯಿಂದ ಮಗಳ ಮನೆಗೆ ಹೋದ, ಒಳಕೋಣೆಯ ದಪ್ಪ ಹಾಸಿಗೆಯ ಮೇಲೆ ಚೇತರಿಸಿಕೊಂಡ. ನೋಡಲು ಬಂದವರಿಗೆಲ್ಲ ಹೆಂಡತಿಯ ಕಥೆಯನ್ನು ರಸವತ್ತಾಗಿ ಹೇಳಿದ. ವ್ಯಾನು ಅವನ ಹೆಸರಿನಲ್ಲಿತ್ತು. ಅಳಿಯ ಬಂದು ಬೀಗದಕೈ ಇಸಿದುಕೊಂಡು, ಅವಳ ಟ್ರಂಕನ್ನು ಹುಲ್ಲಿನ ಮೇಲಿಳಿಸಿ, ಬಿಡಿಭಾಗಗಳ ಕಪಾಟಿನ ಸಮೇತ ವ್ಯಾನನ್ನು ಮಾರಿಬಿಟ್ಟ. "ಅತ್ತೆ, ನಿಮ್ಮನ್ನ ಮನೆಗೆ ಕರೆಯೋ ಹಾಗಿಲ್ಲ, ತಪ್ಪು ತಿಳೀಬೇಡಿ," ಎಂದಷ್ಟೇ ಹೇಳಿದ.

ಹೊಲಿಗೆ ಶಾಲೆಯ ಯಜಮಾನಿ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಕೋಣೆ ಕೊಟ್ಟಳು. ಸುತ್ತಮುತ್ತಲ ದರ್ಜಿಗಳು ಯಂತ್ರ ಹೊತ್ತು ಅವಳಲ್ಲಿಗೇ ಬರತೊಡಗಿದರು. ಮೊದಮೊದಲು ಮಾಮ ಹೇಗಿದ್ದಾರೆ ಎನ್ನುತ್ತಿದ್ದರು, ಆಮೇಲೆ ಬಿಟ್ಟರು.

ಬೇಸಿಗೆ ಕಳೆದ ಮೇಲೆ ಮಗಳ ಫೋನ್ ಬಂತು. ಸುಸ್ತಾದ ದನಿ. "ಅಮ್ಮಾ, ನನ್ನ ಕೈಲಿ ಆಗ್ತಿಲ್ಲ. ಅಪ್ಪ ತಟ್ಟೆ ಎಸೀತಾರೆ. ಬಂದವರ ಎದುರಿಗೆ ನನ್ನ ಅಡುಗೆ ಆಡ್ಕೊಂಡು ನಗ್ತಾರೆ. ಇವರಿಗೂ ಸಾಕಾಗಿದೆ. ನೀನು ಬಂದು ನೋಡ್ಕೊಳಮ್ಮ. ಆಗಿದ್ದೆಲ್ಲ ಆಗಿಹೋಯ್ತು."

"ಬರಲ್ಲ," ಎಂದಳು ಮಾಮಿ.

"ನಾನು ಏನು ಮಾಡಲಿ ಹಾಗಾದ್ರೆ? ನಿನ್ನ ಮಗಳಲ್ವಾ ನಾನು?"

"ಅವರ ಮಗಳೂ ಹೌದು," ಎಂದು ಫೋನ್ ಇಟ್ಟಳು.

ಶಾಲೆಯ ಹಿಂದಿನ ನಲ್ಲಿಯ ಬಳಿ ಕೂತು, ಹುಡುಗಿಯರು ಊಟಕ್ಕೆ ಹೋದ ಹೊತ್ತಿನಲ್ಲಿ, ಅವಳು ಅತ್ತಳು. ಗಂಡನಿಗಾಗಿ ಅಲ್ಲ. ಮಗಳ ದನಿ ಒಡೆದಾಗ ತನ್ನೊಳಗೆ ಏನೋ ತಣ್ಣಗೆ ಖುಷಿಪಟ್ಟಿತ್ತು, ಅದಕ್ಕೆ. ಆಮೇಲೆ ಮುಖ ತೊಳೆದುಕೊಂಡು ಒಳಗೆ ಹೋದಳು. ಎರಡನೇ ಸಾಲಿನ ಯಂತ್ರ ಬೆಳಗಿನಿಂದ ನೂಲು ಕಡಿಯುತ್ತಿತ್ತು.