ಪಟ್ಟಾಭಿಯ ಆ ಫೋಟೋ ಡಿಲೀಟ್ ಮಾಡ್ರಪ್ಪಾ

ಇಲ್ಲ... ಸುಳ್ಳಿರಬೇಕು ಅಂದ್ಕೊಂಡೆ.
ಮೊನ್ನೆ ತಾನೇ ಫೋನಲ್ಲಿ ಜಗಳ ಆಡಿದ್ಲು, ಹುಳಿಗೆ ಬೆಲ್ಲ ಹಾಕಬೇಕೋ ಬೇಡ್ವೋ ಅಂತ...
ಬೆಳಿಗ್ಗೆ ಕೀಲ್ಪಾಕ್ ಆಸ್ಪತ್ರೆಯಿಂದ ಅವಳ ಮಗನ ಫೋನು. "ಅಮ್ಮ ಹೋಗ್ಬಿಟ್ಲು ಆಂಟಿ."
ವೇದವಲ್ಲಿ ಇಲ್ಲ.
ನಮ್ಮ ವೇದಾ...

ನೀವ್ಯಾರೂ ಅವಳ ಮುಖ ನೋಡಿರಲ್ಲ.
ಚೆನ್ನೈನಲ್ಲಿ ಬೆಳೆದವರಿಗೆ ನೆನಪಿರುತ್ತೆ... ಮಕ್ಕಳ ಟೀವಿ ಕಾರ್ಯಕ್ರಮದಲ್ಲಿ ಪಟ್ಟಾಭಿ ಅಂತ ಒಂದು ಆಮೆ ಬೊಂಬೆ ಬರ್ತಿತ್ತಲ್ಲ, ಲೆಕ್ಕ ತಪ್ಪು ಹೇಳಿ ಟೀಚರ್ ಹತ್ರ ಬೈಸಿಕೊಳ್ಳೋದು?
ಆ ಟೀಚರ್ ನಾನು.
ಆ ಆಮೆ ವೇದಾ. ಮೇಜಿನ ಕೆಳಗೆ ಕೂತು, ಬಲಗೈಗೆ ಬೊಂಬೆ ತೊಟ್ಟು ಮೇಲೆತ್ತಿಕೊಂಡು, ವರ್ಷಗಟ್ಟಲೆ.

ದುಃಖ ಇದೆ. ಆದ್ರೆ ಈಗ ಬರೀತಿರೋದು ಸಿಟ್ಟಲ್ಲಿ.
ಮಧ್ಯಾಹ್ನದಿಂದ ಎಲ್ಲಾ ಗ್ರೂಪಲ್ಲೂ ಒಂದು ಫೋಟೋ ಓಡಾಡ್ತಿದೆ. ವೇದಾಳನ್ನ ಮಲಗಿಸಿರೋ ಗಾಜಿನ ಪೆಟ್ಟಿಗೆ. ಅದರ ಮೇಲೆ ಪಟ್ಟಾಭಿ. ಕುತ್ತಿಗೆ ಜೋತುಬಿದ್ದು, ಬಾಯಿ ತೆರೆದು...
ಕೆಳಗೆ, "ಪಟ್ಟಾಭಿಯೂ ಹೋದ. ಆರ್‌ಐಪಿ."
ಯಾವ ಪುಣ್ಯಾತ್ಮ ರೀ ಈ ಕೆಲಸ ಮಾಡಿದ್ದು?
ಹಾರ ತಂದ್ರಿ, ಸರಿ. ಬೀರುವಿನಿಂದ ಬೊಂಬೆ ತೆಗೆದು ಪೋಸ್ ಕೊಡಿಸಿ ಅಂತ ಯಾರು ಹೇಳಿದ್ರು ನಿಮಗೆ? ಬುದ್ಧಿ ಹುಲ್ಲು ಮೇಯೋಕೆ ಹೋಗಿತ್ತಾ?

ವೇದಾ... ನೀನಿದ್ದಿದ್ರೆ ಅವರ ಗ್ರಹಚಾರ ಬಿಡಿಸ್ತಿದ್ದೆ.
ಶಾಟ್‌ನಲ್ಲಿ ಪಟ್ಟಾಭಿದು ತಮಿಳು. ಕಟ್ ಅಂದ ತಕ್ಷಣ ಅದೇ ಆಮೆ ಬಾಯಲ್ಲಿ ಡೈರೆಕ್ಟರಿಗೆ ಕನ್ನಡದಲ್ಲಿ ಬೈಗುಳ... ಅರ್ಥ ಆಗ್ತಿದ್ದುದು ನನಗೊಬ್ಬಳಿಗೇ! ನಕ್ಕೂ ನಕ್ಕೂ ಮುಂದಿನ ಟೇಕ್ ಎಷ್ಟು ಸಲ ಹಾಳು ಮಾಡಿದ್ದೀನೋ.
ಆದ್ರೆ ಒಂದು ವಿಷಯದಲ್ಲಿ ನಿನ್ನ ಹತ್ರ ತಮಾಷೆ ನಡೀತಿರಲಿಲ್ಲ.
ಮೊದಲು ಪಟ್ಟಾಭಿ ತಲೆ ಚಿಪ್ಪಿನೊಳಗೆ ಹೋಗಬೇಕು. ಆಮೇಲೇ ನಿನ್ನ ಕೈ ಹೊರಗೆ.
ಊಟ ಆರಿಹೋಗ್ಲಿ, ಕರೆಂಟ್ ಹೋಗ್ಲಿ... ಈ ಕ್ರಮ ತಪ್ಪಿಸಲಿಲ್ಲ ನೀನು. "ಸತ್ತ ಹಾಗೆ ಬಿದ್ದಿರೋದನ್ನ ಒಂದು ಮಗು ನೋಡಿದ್ರೂ ಮುಗೀತು ಕಣೇ" ಅಂತಿದ್ದೆ.

ನೋಡಿಬಿಟ್ಲು, ವೇದಾ. ನಿನ್ನ ಮೊಮ್ಮಗಳೇ...

ಪಾಟಿ, ಅಂದ್ರೆ ಅಜ್ಜಿ, ಪೆರುಮಾಳ್ ದೇವರ ಹತ್ರ ಹೋದ್ಲು ಅಂದಾಗ ಸುಮ್ನೆ ತಲೆಯಾಡಿಸಿತ್ತು ಕೂಸು. ಪಟ್ಟಾಭಿಯ ಕುತ್ತಿಗೆ ನೋಡಿ ನಿನ್ನ ಮನೆ ಇರೋ ವೆಸ್ಟ್ ಮಾಂಬಲಂ ಗಲ್ಲಿಗೆಲ್ಲ ಕೇಳೋ ಹಾಗೆ ಕಿರುಚಿಕೊಂಡ್ಲು. "ಪಟ್ಟಾಭಿ ಸೆತ್ತುಟ್ಟಾನಾ?"
ಸತ್ತೋದ್ನಾ ಅಂತ...
ದೊಡ್ಡವರ ಸಮಾಧಾನ ಕೇಳಿ... "ಅಳಬೇಡ ಪುಟ್ಟಿ, ಹೊಸದು ಕೊಡಿಸ್ತೀವಿ."
ಅಯ್ಯೋ ನಿಮ್ಮ!
ನಾನು ಬೊಂಬೆ ಎತ್ತಿಕೊಳ್ಳೋಕೆ ಹೋದ್ರೆ ಯಾರೋ ಮಾಮ, "ಮುಟ್ಟಬೇಡಿಮ್ಮಾ, ಮೈಲಿಗೆ" ಅಂದ್ರು. ಆಗ್ಲಿ ಸ್ವಾಮಿ, ಹೇಗೂ ಮನೆಗೆ ಹೋಗಿ ಸ್ನಾನ ಮಾಡೋದೇ ತಾನೇ ಅಂದೆ.

ಕೈ ಹಾಕಿದೆ. ನಿನ್ನ ಪುಟ್ಟ ಕೈಗೆ ಹೊಲಿದಿದ್ದು... ನನ್ನ ದಪ್ಪ ಕೈ ಗೆಣ್ಣಿನ ಹತ್ರ ಸಿಕ್ಕಿಹಾಕಿಕೊಳ್ತು. ನೂಕಿದೆ. ಕುತ್ತಿಗೆ ಮೇಲೆದ್ದಿತು.
"ಪೇಸು" ಅಂದ್ಲು ಪುಟ್ಟಿ. ಮಾತಾಡು ಅಂತ.
ಎಲ್ಲಿಂದ ತರಲಿ ವೇದಾ ಆ ದನೀನ? ಬಾಯಿ ಬಿಟ್ಟಿದ್ರೆ ಅಳು ಬರ್ತಿತ್ತು.
ಪಟ್ಟಾಭಿಯ ಮೂಗನ್ನ ಅವಳ ಕೆನ್ನೆಗೆ ತಾಗಿಸಿದೆ. ಒಂದು ದೊಡ್ಡ ಆಕಳಿಕೆ. ಆಮೇಲೆ ನಿಧಾನವಾಗಿ ತಲೆ ಒಳಗೆ...
ಚಿಪ್ಪಿಗೆ ಕಿವಿ ಇಟ್ಟು ಕೇಳಿದ್ಲು. ಬಿಕ್ಕುತ್ತಲೇ ತುಟಿ ಮೇಲೆ ಬೆರಳಿಟ್ಟು ನಮಗೆಲ್ಲ ತೋರಿಸಿದ್ಲು. "ಶ್... ತೂಂಗುರಾನ್."
ನಿದ್ದೆ ಮಾಡ್ತಿದ್ದಾನಂತೆ.
ಆಮೇಲೇ ಕೈ ತೆಗೆದೆ ಕಣೇ.

ಆ ಫೋಟೋ ತೆಗೀರಿ, ಕೈ ಮುಗೀತೀನಿ. ಎಷ್ಟೋ ಮನೆಗಳಲ್ಲಿ ಮಕ್ಕಳು ಈಗಲೂ ಫೋನಲ್ಲಿ ಹಳೇ ಎಪಿಸೋಡ್ ನೋಡ್ತಾವೆ. ಕೇಳಿದ್ರೆ, ಪಟ್ಟಾಭಿ ಮಲಗಿದ್ದಾನೆ ಅನ್ನಿ. ಅಷ್ಟೇ.

ಹೋಗಿ ಬಾ ವೇದಾ...
ಮಕ್ಕಳಿಗೋಸ್ಕರ ಅಷ್ಟು ವರ್ಷ ಮೇಲೆತ್ತಿ ಹಿಡಿದ ಆ ಬಲಗೈಗೆ, ಪೆರುಮಾಳ್ ಸನ್ನಿಧಿಯಲ್ಲಾದ್ರೂ ನೆಮ್ಮದಿ ಸಿಗಲಿ. 🙏